ಫೋನ್‌ಗೆ ವಿಪತ್ತಿನ ಎಚ್ಚರಿಕೆ ಸಮಯಕ್ಕೆ ಸರಿಯಾಗಿ ಬರಬೇಕೇ? ಹಂತ ಹಂತದ ಸಮಗ್ರ ಮಾರ್ಗದರ್ಶಿ

“ಆ್ಯಪ್ ಹಾಕಿಕೊಂಡಿದ್ದೆ, ಆದರೂ ಎಚ್ಚರಿಕೆ ಬರಲಿಲ್ಲ.” “ಪಕ್ಕದವರ ಫೋನ್ ಜೋರಾಗಿ ಕೂಗಿತು, ನನ್ನದು ಸುಮ್ಮನಿತ್ತು.” “ಸಂದೇಶವೇನೋ ಬಂದಿತ್ತು, ನೋಡಿದ್ದು ಮಾತ್ರ ಬೆಳಿಗ್ಗೆ ಎದ್ದ ಮೇಲೆ.” ಪ್ರವಾಹವಾಗಲಿ, ಚಂಡಮಾರುತವಾಗಲಿ, ಭೂಕಂಪವಾಗಲಿ, ಮುಗಿದ ಮೇಲೆ ಕೇಳಿಬರುವ ದೂರುಗಳು ಹೆಚ್ಚುಕಮ್ಮಿ ಇವೇ.

ಮುಖ್ಯ ಕಾರಣ, ಕೆಲಸದ ಕ್ರಮ ತಪ್ಪುವುದು. ಎಲ್ಲರೂ ಆ್ಯಪ್‌ನಿಂದ ಶುರು ಮಾಡುತ್ತಾರೆ, ಅಲ್ಲಿಗೇ ನಿಲ್ಲಿಸುತ್ತಾರೆ. ಆ್ಯಪ್ ಬರಬೇಕಾದದ್ದು ನಾಲ್ಕನೇ ಹಂತದಲ್ಲಿ. ಅದಕ್ಕೂ ಮೊದಲು ಫೋನ್‌ನೊಳಗೇ ಇರುವ ವ್ಯವಸ್ಥೆಗಳನ್ನು ಸರಿ ಮಾಡಿಕೊಳ್ಳಬೇಕು. ಸಂದೇಶ ಬಂದರೆ ಮನೆಯವರು ಎಲ್ಲಿಗೆ ಹೋಗಬೇಕು ಎಂಬುದನ್ನೂ ಮೊದಲೇ ತೀರ್ಮಾನ ಮಾಡಿಡಬೇಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

## ಬೇಕಾಗುವ ಸಾಮಾನು

ಮನೆಯಲ್ಲಿರುವ ಎಲ್ಲ ಫೋನ್‌ಗಳು, ಹಿರಿಯರ ಕೀಪ್ಯಾಡ್ ಫೋನ್ ಸೇರಿ. ಪೂರ್ತಿ ಚಾರ್ಜ್ ಆದ ಒಂದು ಪವರ್ ಬ್ಯಾಂಕ್, ಅದಕ್ಕೆ ಸರಿಹೊಂದುವ ಕೇಬಲ್. ಬ್ಯಾಟರಿಯಿಂದ ನಡೆಯುವ ಚಿಕ್ಕ ರೇಡಿಯೊ. ಒಂದು ಕಾಗದ, ಒಂದು ಪೆನ್.

ಕಾಗದ ಯಾಕೆ ಅಂತ ಕೇಳಬಹುದು. ಫೋನ್ ಆಫ್ ಆದ ಮೇಲೂ ಓದಲು ಸಿಗುವುದು ಅದೊಂದೇ. ಅದನ್ನು ಏಳನೇ ಹಂತದಲ್ಲಿ ಬಳಸುತ್ತೇವೆ.

## ಹಂತ 1: ಎಚ್ಚರಿಕೆ ಬರುವ ಮೂರು ದಾರಿಗಳನ್ನು ತಿಳಿದುಕೊಳ್ಳಿ

ಫೋನ್‌ಗೆ ಎಚ್ಚರಿಕೆ ಮೂರು ಬೇರೆ ಬೇರೆ ದಾರಿಗಳಲ್ಲಿ ಬರುತ್ತದೆ. ಒಂದು ಕೆಟ್ಟರೆ ಇನ್ನೊಂದು ನಡೆಯುತ್ತಿರುತ್ತದೆ. ಹಾಗಾಗಿ ಮೂರೂ ತೆರೆದಿರಬೇಕು.

ಮೊದಲನೆಯದು ಸೆಲ್ ಬ್ರಾಡ್‌ಕಾಸ್ಟ್. ಇಲ್ಲಿ ಮೊಬೈಲ್ ಟವರ್ ಒಂದೇ ಸಂದೇಶವನ್ನು ತನ್ನ ವ್ಯಾಪ್ತಿಯಲ್ಲಿರುವ ಎಲ್ಲ ಫೋನ್‌ಗಳಿಗೂ ಒಂದೇ ಸಲ ಬಿತ್ತರಿಸುತ್ತದೆ. ನಿಮ್ಮ ನಂಬರ್ ಯಾರಿಗೂ ಗೊತ್ತಿರಬೇಕಿಲ್ಲ. ಇಂಟರ್ನೆಟ್ ಬೇಡ, ರೀಚಾರ್ಜ್ ಬೇಡ, ಆ್ಯಪ್ ಬೇಡ. ಲಕ್ಷಾಂತರ ಜನ ಒಟ್ಟಿಗೆ ಕರೆ ಮಾಡಿ ನೆಟ್‌ವರ್ಕ್ ಜಾಮ್ ಆಗಿದ್ದರೂ ಇದು ತಲುಪುತ್ತದೆ. ಬೇರೆ ಊರಿಂದ ಬಂದು ಅಲ್ಲಿ ನಿಂತವರಿಗೂ ಬರುತ್ತದೆ.

ಎರಡನೆಯದು ಎಸ್‌ಎಂಎಸ್. ಇದು ಒಂದೊಂದು ನಂಬರಿಗೂ ಪ್ರತ್ಯೇಕವಾಗಿ ಹೋಗುತ್ತದೆ. ಹಾಗಾಗಿ ಜನ ಜಾಸ್ತಿ ಇರುವ ಕಡೆ ತಡವಾಗುತ್ತದೆ. ನಾಳೆ ಭಾರಿ ಮಳೆ ಬರುತ್ತದೆ ಎನ್ನಲು ಸಾಕು, ಇನ್ನು ಕೆಲವು ನಿಮಿಷಗಳಲ್ಲಿ ನೀರು ಬರುತ್ತದೆ ಎನ್ನಲು ಸಾಲದು.

ಮೂರನೆಯದು ಇಂಟರ್ನೆಟ್ ಮೂಲಕ ಬರುವ ನೋಟಿಫಿಕೇಶನ್. ನಕ್ಷೆ, ಚಿತ್ರ, ವಿವರ ಎಲ್ಲ ಇಲ್ಲಿ ಸಿಗುತ್ತದೆ. ಆದರೆ ಬೇಗ ಕೈಕೊಡುವುದೂ ಇದೇ.

ಈ ಮೂರರಲ್ಲಿ ಮೊದಲನೆಯದನ್ನೇ ನಾನು ಹೆಚ್ಚು ನಂಬುತ್ತೇನೆ. ಹಾಗಾಗಿ ಅದರಿಂದಲೇ ಶುರು ಮಾಡೋಣ.

## ಹಂತ 2: ಸೆಲ್ ಬ್ರಾಡ್‌ಕಾಸ್ಟ್ ಆನ್ ಇದೆಯಾ ನೋಡಿ

ಆಂಡ್ರಾಯ್ಡ್ ಫೋನ್‌ನಲ್ಲಿ: ಸೆಟ್ಟಿಂಗ್ಸ್ ತೆರೆದು, ಮೇಲಿರುವ ಹುಡುಕುವ ಜಾಗದಲ್ಲಿ “ಎಮರ್ಜೆನ್ಸಿ ಅಲರ್ಟ್ಸ್” ಎಂದು ಹುಡುಕಿ. ಹೆಚ್ಚಿನ ಫೋನ್‌ಗಳಲ್ಲಿ ಇದು “ಸೇಫ್ಟಿ ಆ್ಯಂಡ್ ಎಮರ್ಜೆನ್ಸಿ” ಒಳಗೆ “ವೈರ್‌ಲೆಸ್ ಎಮರ್ಜೆನ್ಸಿ ಅಲರ್ಟ್ಸ್” ಎಂಬ ಹೆಸರಲ್ಲಿರುತ್ತದೆ. ಕೆಲವು ಕಂಪನಿಗಳ ಫೋನ್‌ಗಳಲ್ಲಿ ಮೆಸೇಜ್ ಆ್ಯಪ್‌ನ ಸೆಟ್ಟಿಂಗ್ಸ್ ಒಳಗೆ ಅಡಗಿರುತ್ತದೆ. ಒಳಗೆ ಹೋದ ಮೇಲೆ ಎಲ್ಲ ಸ್ವಿಚ್‌ಗಳನ್ನೂ ಆನ್ ಮಾಡಿ. ಪರೀಕ್ಷಾ ಸಂದೇಶಗಳ ಸ್ವಿಚ್ ಇದ್ದರೆ ಅದನ್ನೂ ಬಿಡಬೇಡಿ.

ಐಫೋನ್‌ನಲ್ಲಿ: ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್. ಆಮೇಲೆ ಪಟ್ಟಿಯ ಕೊನೆಯವರೆಗೂ ಇಳಿಯಿರಿ. ಉದ್ದದ ಪಟ್ಟಿ, ತುಂಬಾ ಜನ ಅರ್ಧಕ್ಕೇ ಬಿಡುತ್ತಾರೆ. ಎಲ್ಲ ಆ್ಯಪ್‌ಗಳ ಕೆಳಗೆ “ಗವರ್ನಮೆಂಟ್ ಅಲರ್ಟ್ಸ್” ಇರುತ್ತದೆ. ಅಲ್ಲಿ ಕಾಣುವ ಸ್ವಿಚ್‌ಗಳನ್ನು ಆನ್ ಮಾಡಿ.

ಕೀಪ್ಯಾಡ್ ಫೋನ್‌ನಲ್ಲಿ: ಮೆಸೇಜ್ ಮೆನುವಿನ ಸೆಟ್ಟಿಂಗ್ಸ್‌ನಲ್ಲಿ “ಸೆಲ್ ಬ್ರಾಡ್‌ಕಾಸ್ಟ್” ಅಥವಾ “ಇನ್ಫೋ ಮೆಸೇಜ್” ಎಂದಿರುತ್ತದೆ. ಹಿಂದೆ ಜಾಹೀರಾತುಗಳ ಕಾಟಕ್ಕೆ ಬೇಸತ್ತು ಇದನ್ನು ಆಫ್ ಮಾಡಿಟ್ಟವರು ಬಹಳ. ಈಗ ಆನ್ ಮಾಡಿ.

ಇನ್ನೂ ಮೂರು ವಿಷಯ ಇಲ್ಲೇ ನೋಡಿಬಿಡಿ. ಎರಡು ಸಿಮ್ ಇದ್ದರೆ ಕೆಲವು ಫೋನ್‌ಗಳಲ್ಲಿ ಒಂದೊಂದು ಸಿಮ್‌ಗೂ ಬೇರೆ ಸ್ವಿಚ್ ಇರುತ್ತದೆ, ಎರಡನ್ನೂ ಆನ್ ಮಾಡಿ. ಆಂಡ್ರಾಯ್ಡ್‌ನಲ್ಲಿ ಸಂದೇಶವನ್ನು ಗಟ್ಟಿಯಾಗಿ ಓದಿ ಹೇಳುವ ಆಯ್ಕೆ, ಡು ನಾಟ್ ಡಿಸ್ಟರ್ಬ್ (ಫೋನ್‌ನ ಸದ್ದು ತಡೆಯುವ ಮೋಡ್) ಇದ್ದರೂ ಶಬ್ದ ಮಾಡುವ ಆಯ್ಕೆ ಇರಬಹುದು, ಇದ್ದರೆ ಎರಡೂ ಆನ್ ಇರಲಿ. ಕಣ್ಣು ಮಂಜಾದವರಿಗೆ ಓದಿ ಹೇಳುವ ಆಯ್ಕೆ ದೊಡ್ಡ ಉಪಕಾರ. ಮೂರನೆಯದು, ಅದೇ ಪುಟದಲ್ಲಿರುವ “ಅಲರ್ಟ್ ಹಿಸ್ಟರಿ”. ಗಾಬರಿಯಲ್ಲಿ ಓಕೆ ಒತ್ತಿದರೆ ಸಂದೇಶ ಮಾಯವಾಗುತ್ತದೆ, ಇನ್‌ಬಾಕ್ಸ್‌ನಲ್ಲಿ ಹುಡುಕಿದರೂ ಸಿಗದೇ ಇರಬಹುದು. ಹಳೆಯ ಸಂದೇಶಗಳನ್ನು ಮತ್ತೆ ಓದಲು ಸಿಗುವುದು ಈ ಹಿಸ್ಟರಿಯಲ್ಲಿ. ಅದು ಎಲ್ಲಿದೆ ಎಂದು ಈಗಲೇ ಒಮ್ಮೆ ತೆರೆದು ನೋಡಿಕೊಳ್ಳಿ.

ತಪ್ಪುವುದು ಎಲ್ಲಿ: ಚಾರ್ಜ್ ಉಳಿಸಲು ರಾತ್ರಿ ಏರೋಪ್ಲೇನ್ ಮೋಡ್ ಹಾಕುವುದು. ಆಗ ಫೋನ್‌ಗೂ ಟವರ್‌ಗೂ ಸಂಬಂಧವೇ ಇರುವುದಿಲ್ಲ. ವೈಫೈ ಇದೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಸೆಲ್ ಬ್ರಾಡ್‌ಕಾಸ್ಟ್ ಬರುವುದು ಟವರ್‌ನಿಂದ, ವೈಫೈಯಿಂದ ಅಲ್ಲ.

## ಹಂತ 3: ಭೂಕಂಪದ ಎಚ್ಚರಿಕೆಯನ್ನು ಪ್ರತ್ಯೇಕವಾಗಿ ಆನ್ ಮಾಡಿ

ಭೂಕಂಪದ ಲೆಕ್ಕವೇ ಬೇರೆ. ಇಲ್ಲಿ ಸಿಗುವುದು ಗಂಟೆಗಳಲ್ಲ, ಸೆಕೆಂಡುಗಳು. ಭೂಮಿ ಬಿರುಕು ಬಿಟ್ಟಾಗ ಮೊದಲು ಹೊರಡುವ ಹಗುರ ಅಲೆ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಓಡುತ್ತದೆ. ಅದರ ಹಿಂದೆ, ಸೆಕೆಂಡಿಗೆ ಸುಮಾರು ಮೂರೂವರೆ ಕಿಲೋಮೀಟರ್ ವೇಗದಲ್ಲಿ, ಕಟ್ಟಡ ಬೀಳಿಸುವ ಬಲವಾದ ಅಲೆ ಬರುತ್ತದೆ. ಮೊದಲನೆಯದನ್ನು ಗುರುತಿಸಿ, ಎರಡನೆಯದು ತಲುಪುವ ಮುಂಚೆ ದೂರದವರ ಫೋನ್ ಕೂಗಿಸುವುದು ಇದರ ಉಪಾಯ. ಕೇಂದ್ರದಿಂದ 100 ಕಿಲೋಮೀಟರ್ ದೂರ ಇರುವವರಿಗೆ ಬಲವಾದ ಅಲೆ ಮುಟ್ಟಲು ಅರ್ಧ ನಿಮಿಷದ ಹತ್ತಿರ ಬೇಕು. ಅದರಲ್ಲಿ ಗುರುತಿಸಲು, ಕಳಿಸಲು ಹೋದ ಸಮಯ ಕಳೆದರೆ ಉಳಿದದ್ದು ನಿಮ್ಮದು. ಕೇಂದ್ರದ ಪಕ್ಕದಲ್ಲೇ ಇರುವವರಿಗೆ ಒಂದು ಸೆಕೆಂಡೂ ಸಿಗದೇ ಹೋಗಬಹುದು.

ಆಂಡ್ರಾಯ್ಡ್ ಫೋನ್‌ಗಳಲ್ಲಿ ಗೂಗಲ್‌ನ ಭೂಕಂಪ ಎಚ್ಚರಿಕೆ ಅನೇಕ ದೇಶಗಳಲ್ಲಿ ಸಿಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ “ಅರ್ತ್‌ಕ್ವೇಕ್ ಅಲರ್ಟ್ಸ್” ಎಂದು ಹುಡುಕಿ ಆನ್ ಮಾಡಿ. ಲೊಕೇಶನ್ ಆನ್ ಇರಬೇಕು, ಡೇಟಾ ಅಥವಾ ವೈಫೈ ಬೇಕು. ಎಚ್ಚರಿಕೆ ಹೇಗೆ ಕಾಣುತ್ತದೆ, ಹೇಗೆ ಕೇಳುತ್ತದೆ ಎಂದು ತೋರಿಸುವ ಡೆಮೊ ಅಲ್ಲೇ ಇರುತ್ತದೆ. ಮಕ್ಕಳಿಗೂ ಹಿರಿಯರಿಗೂ ಒಮ್ಮೆ ಕೇಳಿಸಿ. ಮೊದಲ ಸಲ ಕೇಳಿದವರು “ಇದೇನು ಶಬ್ದ” ಎಂದು ಯೋಚಿಸುವುದರಲ್ಲೇ ಸೆಕೆಂಡುಗಳು ಹೋಗುತ್ತವೆ.

ಅಂದಾಜು 4.5ಕ್ಕಿಂತ ಕಡಿಮೆ ತೀವ್ರತೆಯ ಕಂಪನಕ್ಕೆ ಈ ವ್ಯವಸ್ಥೆ ಸಂದೇಶ ಕಳಿಸುವುದಿಲ್ಲ. ಕಳಿಸುವುದರಲ್ಲೂ ಎರಡು ಬಗೆ. “ಬಿ ಅವೇರ್” ಎಂಬುದು ಹಗುರ ಕಂಪನಕ್ಕೆ, ಫೋನ್ ಸೈಲೆಂಟ್ ಇದ್ದರೆ ಇದು ಶಬ್ದ ಮಾಡುವುದಿಲ್ಲ. “ಟೇಕ್ ಆ್ಯಕ್ಷನ್” ಬಲವಾದ ಕಂಪನಕ್ಕೆ, ಇದು ಡು ನಾಟ್ ಡಿಸ್ಟರ್ಬ್ ದಾಟಿ ಜೋರಾಗಿ ಕೂಗುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಮೊದಲನೆಯ ಬಗೆಯ ಸಂದೇಶವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2023ರ ಫೆಬ್ರವರಿ 6ರಂದು ಟರ್ಕಿಯಲ್ಲಿ 7.8 ತೀವ್ರತೆಯ ಭೂಕಂಪ ಆದಾಗ ಈ ವ್ಯವಸ್ಥೆ ಅದನ್ನು ತುಂಬಾ ಚಿಕ್ಕದೆಂದು ಲೆಕ್ಕ ಹಾಕಿತ್ತು. ಜೋರಾದ ಎಚ್ಚರಿಕೆ ಹೋಗಬೇಕಿದ್ದ ಬಹುತೇಕರಿಗೆ ಅದು ಹೋಗಲೇ ಇಲ್ಲ. ಆಮೇಲೆ ಲೆಕ್ಕದ ವಿಧಾನವನ್ನು ತಿದ್ದಿದ್ದಾರೆ. ಆದರೂ ಮೊದಲ ಕೆಲವು ಸೆಕೆಂಡುಗಳ ಅಂದಾಜು ಅಂದಾಜೇ. ಯಾವ ಬಗೆಯ ಸಂದೇಶ ಬಂದರೂ ಮೇಜಿನ ಕೆಳಗೆ ಸೇರಿಕೊಳ್ಳಿ.

## ಹಂತ 4: ಒಂದೇ ಅಧಿಕೃತ ಆ್ಯಪ್ ಹಾಕಿ, ಅದಕ್ಕೆ ಬೇಕಾದ ಅನುಮತಿಗಳನ್ನೆಲ್ಲ ಕೊಡಿ

ಹೆಚ್ಚು ಜನ ಸೋಲುವುದು ಇಲ್ಲೇ. ಹಾಗಾಗಿ ನಿಧಾನವಾಗಿ ಮಾಡಿ.

ಆ್ಯಪ್ ಆರಿಸುವುದು. ನೀವಿರುವ ದೇಶದ ಹವಾಮಾನ ಇಲಾಖೆಯ ಅಥವಾ ವಿಪತ್ತು ನಿರ್ವಹಣಾ ಸಂಸ್ಥೆಯ ಜಾಲತಾಣಕ್ಕೆ ಹೋಗಿ, ಅಲ್ಲಿ ಕೊಟ್ಟಿರುವ ಲಿಂಕ್‌ನಿಂದಲೇ ಆ್ಯಪ್ ಇಳಿಸಿಕೊಳ್ಳಿ. ಸ್ಟೋರ್‌ನಲ್ಲಿ ಸುಮ್ನೆ ಹುಡುಕಿದರೆ ಹತ್ತಾರು ಹವಾಮಾನ ಆ್ಯಪ್‌ಗಳು ಬರುತ್ತವೆ. ಅವುಗಳಲ್ಲಿ ಎಷ್ಟೋ ಆ್ಯಪ್‌ಗಳು ಬೇರೆಯವರ ಮಾಹಿತಿಯನ್ನೇ ತಡವಾಗಿ ತೋರಿಸುತ್ತವೆ. ಆ್ಯಪ್ ತಯಾರಿಸಿದವರ ಹೆಸರು ಸರ್ಕಾರಿ ಸಂಸ್ಥೆಯದೇ ಹೌದಾ ಎಂದು ನೋಡಿ.

ಆ್ಯಪ್‌ಗಳು ಜಾಸ್ತಿ ಇದ್ದಷ್ಟೂ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಐದು ಆ್ಯಪ್‌ಗಳು ದಿನಾ ಚಿಕ್ಕಪುಟ್ಟ ಮಳೆಗೂ ಸದ್ದು ಮಾಡಿದರೆ, ನೀವು ಒಂದೊಂದಾಗಿ ಎಲ್ಲವನ್ನೂ ಮ್ಯೂಟ್ ಮಾಡುತ್ತೀರಿ. ಒಂದು ಸಾಕು. ಆ್ಯಪ್ ಒಳಗೆ ತೀವ್ರತೆ ಆರಿಸುವ ಅವಕಾಶ ಇದ್ದರೆ, ಮೇಲಿನ ಎರಡು ಮಟ್ಟಗಳಿಗೆ ಮಾತ್ರ ಶಬ್ದ ಇಡಿ. ಉಳಿದವು ಸದ್ದಿಲ್ಲದೆ ಬರಲಿ.

ಲೊಕೇಶನ್ ಅನುಮತಿ. ಮೊದಲ ಸಲ ತೆರೆದಾಗ ಆ್ಯಪ್ ಲೊಕೇಶನ್ ಕೇಳುತ್ತದೆ. ಎಲ್ಲರೂ “ಬಳಸುವಾಗ ಮಾತ್ರ” ಒತ್ತುತ್ತಾರೆ. ಹಾಗೆ ಒತ್ತಿದರೆ, ಆ್ಯಪ್ ಮುಚ್ಚಿದ ಮೇಲೆ ನೀವು ಎಲ್ಲಿದ್ದೀರಿ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಎಚ್ಚರಿಕೆ ಬೇಕಾಗುವುದೋ ಆ್ಯಪ್ ಮುಚ್ಚಿರುವಾಗ, ಅಲ್ವಾ? ಸೆಟ್ಟಿಂಗ್ಸ್‌ಗೆ ಹೋಗಿ “ಯಾವಾಗಲೂ” ಎಂದು ಬದಲಿಸಿ. ಲೊಕೇಶನ್ ಕೊಡಲು ಇಷ್ಟವಿಲ್ಲದಿದ್ದರೆ, ಆ್ಯಪ್ ಒಳಗೆ ನೀವಿರುವ ಜಾಗವನ್ನು ಕೈಯಾರೆ ಸೇರಿಸಿ. ಕೆಲಸದ ಜಾಗ, ಮಕ್ಕಳ ಶಾಲೆ, ಬೇರೆ ಊರಲ್ಲಿರುವ ಹೆತ್ತವರ ಮನೆಯನ್ನೂ ಸೇರಿಸಿದರೆ ಇನ್ನೂ ಒಳ್ಳೆಯದು.

ಬ್ಯಾಟರಿ ಅನುಮತಿ. ಚಾರ್ಜ್ ಉಳಿಸಲು ಫೋನ್, ಹಿನ್ನೆಲೆಯಲ್ಲಿ ನಡೆಯುವ ಆ್ಯಪ್‌ಗಳನ್ನು ನಿಲ್ಲಿಸುತ್ತದೆ. ಆ್ಯಪ್‌ನ ಮಾಹಿತಿ ಪುಟದಲ್ಲಿ ಬ್ಯಾಟರಿ ವಿಭಾಗಕ್ಕೆ ಹೋಗಿ “ಅನ್‌ರಿಸ್ಟ್ರಿಕ್ಟೆಡ್” ಆರಿಸಿ. ಕೆಲವು ಫೋನ್‌ಗಳಲ್ಲಿ ತಾನಾಗೇ ಶುರುವಾಗಲು ಬಿಡುವ “ಆಟೋಸ್ಟಾರ್ಟ್” ಸ್ವಿಚ್ ಬೇರೆಯೇ ಇರುತ್ತದೆ, ಅದನ್ನೂ ಆನ್ ಮಾಡಿ.

ಬಳಸದ ಆ್ಯಪ್ ನಿದ್ದೆಗೆ ಹೋಗುವುದು. ಇದು ತುಂಬಾ ಜನರಿಗೆ ಗೊತ್ತಿಲ್ಲದ ಸಂಗತಿ. ಈಚಿನ ಆಂಡ್ರಾಯ್ಡ್‌ಗಳಲ್ಲಿ ಕೆಲವು ತಿಂಗಳು ತೆರೆಯದ ಆ್ಯಪ್‌ನ ಅನುಮತಿಗಳನ್ನು ಫೋನ್ ತಾನಾಗಿಯೇ ಕಿತ್ತುಕೊಳ್ಳುತ್ತದೆ, ಅದರ ನೋಟಿಫಿಕೇಶನ್ ನಿಲ್ಲಿಸುತ್ತದೆ. ವಿಪತ್ತಿನ ಆ್ಯಪ್ ಅಂದರೆ ತಿಂಗಳುಗಟ್ಟಲೆ ಯಾರೂ ತೆರೆಯದ ಆ್ಯಪ್. ಮಳೆಗಾಲದ ಹೊತ್ತಿಗೆ ಐಕಾನ್ ಪರದೆಯ ಮೇಲೆ ಇರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಆ್ಯಪ್‌ನ ಮಾಹಿತಿ ಪುಟದ ಕೆಳಗೆ, ಬಳಸದಿದ್ದರೆ ಆ್ಯಪ್ ಚಟುವಟಿಕೆ ನಿಲ್ಲಿಸು ಎಂಬ ಅರ್ಥದ ಸ್ವಿಚ್ ಇದೆ. ಅದನ್ನು ಆಫ್ ಮಾಡಿ.

ಇದು ಕೈಕೊಟ್ಟಿರುವ ಸೂಚನೆ: ದೊಡ್ಡ ಮಳೆ ಬಂದು ಹೋಗಿದೆ, ಸುದ್ದಿಯಲ್ಲಿ ಎಚ್ಚರಿಕೆ ಹೇಳಿದ್ದಾರೆ, ಆದರೆ ನಿಮ್ಮ ಆ್ಯಪ್ ಒಂದು ಸಲವೂ ಸದ್ದು ಮಾಡಿಲ್ಲ. ಇನ್ನೊಂದು, ಆ್ಯಪ್ ತೆರೆದ ಕೂಡಲೇ ಹಳೆಯ ಎಚ್ಚರಿಕೆಗಳೆಲ್ಲ ಒಟ್ಟಿಗೆ ಬಂದು ಬೀಳುತ್ತವೆ. ಎರಡರಲ್ಲಿ ಯಾವುದೇ ಆದರೂ ಮೇಲಿನ ಅನುಮತಿಗಳನ್ನು ಮೊದಲಿಂದ ನೋಡಿ.

## ಹಂತ 5: ರಾತ್ರಿಗೆ ಫೋನ್ ಸಿದ್ಧ ಮಾಡಿ

ಡು ನಾಟ್ ಡಿಸ್ಟರ್ಬ್ ಅಥವಾ ಸ್ಲೀಪ್ ಮೋಡ್ ಬಳಸುವವರು ಅದರ ವಿನಾಯಿತಿ ಪಟ್ಟಿಗೆ ವಿಪತ್ತಿನ ಆ್ಯಪ್ ಸೇರಿಸಿ. ಆಂಡ್ರಾಯ್ಡ್‌ನಲ್ಲಿ ಆ ಆ್ಯಪ್‌ನ ನೋಟಿಫಿಕೇಶನ್ ಸೆಟ್ಟಿಂಗ್ಸ್ ಒಳಗೆ ಡು ನಾಟ್ ಡಿಸ್ಟರ್ಬ್ ಮೀರುವ ಆಯ್ಕೆ ಇರುತ್ತದೆ. ಐಫೋನ್‌ನಲ್ಲಿ ಕೆಲವು ಆ್ಯಪ್‌ಗಳು “ಕ್ರಿಟಿಕಲ್ ಅಲರ್ಟ್ಸ್” ಅನುಮತಿ ಕೇಳುತ್ತವೆ, ವಿಪತ್ತಿನ ಆ್ಯಪ್ ಕೇಳಿದರೆ ಕೊಡಿ.

ಫೋನ್ ಬೇರೆ ಕೋಣೆಯಲ್ಲಿಟ್ಟು ಮಲಗುವ ಅಭ್ಯಾಸ ಒಳ್ಳೆಯದೇ. ಆದರೆ ಭಾರಿ ಮಳೆ, ಗಾಳಿಯ ಮುನ್ಸೂಚನೆ ಇರುವ ರಾತ್ರಿ ಮನೆಯ ಒಂದು ಫೋನಾದರೂ ಹಾಸಿಗೆಯ ಪಕ್ಕ ಇರಲಿ. ಕಿವಿ ಕೇಳದವರು ಮನೆಯಲ್ಲಿದ್ದರೆ ನೋಟಿಫಿಕೇಶನ್ ಬಂದಾಗ ಫ್ಲ್ಯಾಶ್ ಮಿನುಗುವ ಆಯ್ಕೆ ಆನ್ ಮಾಡಿ, ಫೋನ್‌ನ ಕಂಪನ ಮೈಗೆ ಗೊತ್ತಾಗುವ ಜಾಗದಲ್ಲಿಡಿ. ಕಂಪಿಸುವ ಕೈಗಡಿಯಾರ ಇದ್ದರೆ ಇನ್ನೂ ವಾಸಿ.

## ಹಂತ 6: ಕರೆಂಟ್ ಹೋದಾಗ, ನೆಟ್‌ವರ್ಕ್ ಬಿದ್ದಾಗ

ಮುನ್ಸೂಚನೆ ಬಂದ ದಿನವೇ ಎಲ್ಲ ಫೋನ್‌ಗಳನ್ನೂ ಪವರ್ ಬ್ಯಾಂಕನ್ನೂ ಪೂರ್ತಿ ಚಾರ್ಜ್ ಮಾಡಿ. ಕರೆಂಟ್ ಹೋದರೆ ಟವರ್ ಕೂಡ ಬ್ಯಾಟರಿ ಮೇಲೆಯೇ ನಡೆಯಬೇಕು, ಅನೇಕ ಟವರ್‌ಗಳಲ್ಲಿ ಅದು ಕೆಲವು ಗಂಟೆಗಷ್ಟೇ ಸಾಕು. ಅಂದರೆ ಕರೆಂಟ್ ಹೋದ ಮೊದಲ ಗಂಟೆಗಳಲ್ಲೇ ಮುಖ್ಯ ಮಾತುಗಳನ್ನು ಮುಗಿಸಿಕೊಳ್ಳಬೇಕು.

ಚಾರ್ಜ್ ಉಳಿಸಲು ಪರದೆಯ ಬೆಳಕು ತಗ್ಗಿಸಿ, ಬ್ಲೂಟೂತ್ ಮತ್ತು ಹಾಟ್‌ಸ್ಪಾಟ್ ಆಫ್ ಮಾಡಿ, ವಿಡಿಯೊ ನೋಡಬೇಡಿ. ಮನೆಯಲ್ಲಿ ನಾಲ್ಕು ಫೋನ್ ಇದ್ದರೆ ಒಂದನ್ನು ಮಾತ್ರ ಆನ್ ಇಟ್ಟು ಉಳಿದವನ್ನು ಸ್ವಿಚ್ ಆಫ್ ಮಾಡಿ, ಸರದಿಯಲ್ಲಿ ಬಳಸಿ. ಬೇರೆ ಬೇರೆ ಕಂಪನಿಗಳ ಸಿಮ್ ಇದ್ದರೆ ಸಿಗ್ನಲ್ ಸಿಗುವ ಫೋನನ್ನೇ ಆನ್ ಇಡಿ.

ಕರೆ ಹೋಗದಿದ್ದರೆ ಮತ್ತೆ ಮತ್ತೆ ಒತ್ತುತ್ತಾ ಕೂರಬೇಡಿ, ಎಸ್‌ಎಂಎಸ್ ಕಳಿಸಿ. ಅದಕ್ಕೆ ಬೇಕಾಗುವ ನೆಟ್‌ವರ್ಕ್ ತೀರಾ ಕಡಿಮೆ, ಸಾಲಿನಲ್ಲಿ ಕಾದು ಜಾಗ ಸಿಕ್ಕಾಗ ಹೋಗುತ್ತದೆ. ಬೇರೆ ಊರಿನ ಒಬ್ಬ ನಂಟರನ್ನೋ ಗೆಳೆಯರನ್ನೋ ಮೊದಲೇ ಗೊತ್ತು ಮಾಡಿಕೊಳ್ಳಿ. ಮನೆಯವರೆಲ್ಲ ಅವರೊಬ್ಬರಿಗೆ ಸಂದೇಶ ಕಳಿಸಿದರೆ, ಯಾರು ಎಲ್ಲಿದ್ದಾರೆ ಎಂದು ಅವರ ಹತ್ತಿರ ಸಿಗುತ್ತದೆ.

ಆಫ್‌ಲೈನ್ ನಕ್ಷೆಯನ್ನು ಮೊದಲೇ ಇಳಿಸಿಡಿ, ಆಗಾಗ ಅಪ್‌ಡೇಟ್ ಮಾಡಿ. ಆದರೆ ಒಂದು ಎಚ್ಚರ: ಕೆಲವು ನಕ್ಷೆ ಆ್ಯಪ್‌ಗಳು ಆಫ್‌ಲೈನ್‌ನಲ್ಲಿ ಗಾಡಿಯ ದಾರಿ ತೋರಿಸುತ್ತವೆ, ನಡೆಯುವ ದಾರಿ ತೋರಿಸುವುದಿಲ್ಲ. ಎತ್ತರದ ಜಾಗಕ್ಕೆ ಹೋಗುವ ಕಾಲುದಾರಿಯನ್ನು ಒಮ್ಮೆ ನಡೆದು ನೋಡಿಯೇ ತಿಳಿದುಕೊಳ್ಳಬೇಕು.

ನೆಟ್‌ವರ್ಕ್ ಪೂರ್ತಿ ಬಿದ್ದ ಮೇಲೆ ಹೊಸ ಎಚ್ಚರಿಕೆ ತರುವುದು ರೇಡಿಯೊ. ಉಪಗ್ರಹದ ಮೂಲಕ ಸಹಾಯ ಕೇಳುವ ಸೌಲಭ್ಯ ಹೊಸ ಫೋನ್‌ಗಳಲ್ಲಿ ಕೆಲವು ದೇಶಗಳಲ್ಲಿ ಇದೆ. ಅದು ಮುಖ್ಯವಾಗಿ ನೀವು ಸಹಾಯ ಕೇಳಲು ಇರುವುದು, ಎಚ್ಚರಿಕೆ ಪಡೆಯಲು ಅದನ್ನೇ ನಂಬಬೇಡಿ.

## ಹಂತ 7: ಸಂದೇಶ ಓದುವುದನ್ನು ಕಲಿಯಿರಿ, ಕಾಗದದಲ್ಲಿ ಬರೆದಿಡಿ

ಅನೇಕ ದೇಶಗಳ ಎಚ್ಚರಿಕೆಗಳು ಕಾಮನ್ ಅಲರ್ಟಿಂಗ್ ಪ್ರೊಟೊಕಾಲ್ ಎಂಬ ಒಂದೇ ಮಾದರಿಯಲ್ಲಿ ತಯಾರಾಗುತ್ತವೆ. ಅದು ಮೂರು ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ: ಎಷ್ಟು ಬೇಗ, ಎಷ್ಟು ಜೋರು, ಎಷ್ಟು ಖಚಿತ.

ಬೇಗ ಎನ್ನುವಲ್ಲಿ “ಇಮ್ಮೀಡಿಯೇಟ್” ಅಂದರೆ ಈ ಕ್ಷಣವೇ, “ಎಕ್ಸ್‌ಪೆಕ್ಟೆಡ್” ಅಂದರೆ ಸುಮಾರು ಒಂದು ಗಂಟೆಯೊಳಗೆ ಕ್ರಮ ತೆಗೆದುಕೊಳ್ಳಬೇಕು. ಜೋರು ಎನ್ನುವಲ್ಲಿ “ಎಕ್ಸ್‌ಟ್ರೀಮ್” ಮತ್ತು “ಸಿವಿಯರ್” ಮೇಲಿನ ಎರಡು ಮಟ್ಟ. ಖಚಿತ ಎನ್ನುವಲ್ಲಿ “ಅಬ್ಸರ್ವ್ಡ್” ಎಂದರೆ ಈಗಾಗಲೇ ಆಗಿದೆ ಅಥವಾ ಆಗುತ್ತಿದೆ, “ಲೈಕ್ಲಿ” ಎಂದರೆ ಆಗುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ಈ ಮಾತುಗಳು ಆ್ಯಪ್‌ನಲ್ಲಿ ಕಾಣುತ್ತವೆ. ಫೋನ್ ತಾನಾಗೇ ಕೂಗುವಷ್ಟರ ಸಂದೇಶ ಬಂದಿದೆ ಎಂದರೆ ಸಾಮಾನ್ಯವಾಗಿ ಮೂರರಲ್ಲೂ ಮೇಲಿನ ಮಟ್ಟ ಮುಟ್ಟಿದೆ ಎಂದೇ ತಿಳಿಯಿರಿ.

ಇನ್ನು ಕಾಗದ. ಎಚ್ಚರಿಕೆಯಲ್ಲಿ ಬರುವುದು ನಿಮ್ಮ ಬೀದಿಯ ಹೆಸರಲ್ಲ. ಜಿಲ್ಲೆಯ ಹೆಸರು, ನದಿಯ ಹೆಸರು, ಅಣೆಕಟ್ಟಿನ ಹೆಸರು ಬರುತ್ತದೆ. ಓದಿದವರು “ಇದು ನಮ್ಮ ಕಡೆಯದಲ್ಲ” ಎಂದು ಬಿಡುವುದು ಇದರಿಂದಲೇ. ಹಾಗಾಗಿ ಇವನ್ನು ಬರೆದು ಬಾಗಿಲ ಹಿಂದೆ ಅಂಟಿಸಿ: ನೀವಿರುವ ಆಡಳಿತ ವಲಯದ ಹೆಸರು, ಹತ್ತಿರದ ನದಿ ಅಥವಾ ಹಳ್ಳದ ಹೆಸರು, ಮೇಲ್ಭಾಗದ ಅಣೆಕಟ್ಟಿನ ಹೆಸರು, ತುರ್ತು ಸಹಾಯದ ನಂಬರ್, ಬೇರೆ ಊರಿನ ಆ ಒಬ್ಬರ ನಂಬರ್, ಮನೆಯವರು ಸೇರಬೇಕಾದ ಎತ್ತರದ ಜಾಗ.

## ಹಂತ 8: ಫೋನ್ ಕೂಗಿದ ಮೇಲೆ

ಮೊದಲು ಸಂದೇಶವನ್ನು ಕೊನೆಯವರೆಗೆ ಓದಿ. ಗಾಡಿ ಓಡಿಸುತ್ತಿದ್ದರೆ ಪಕ್ಕದವರಿಗೆ ಓದಲು ಹೇಳಿ, ಒಬ್ಬರೇ ಇದ್ದರೆ ಪಕ್ಕಕ್ಕೆ ನಿಲ್ಲಿಸಿ. ಆಮೇಲೆ ವಿಪತ್ತಿನ ಪ್ರಕಾರ ನಡೆಯಿರಿ. ವಿಡಿಯೊ ಮಾಡುವುದು, ಗ್ರೂಪ್‌ಗಳಲ್ಲಿ “ನಿಮಗೂ ಬಂತಾ” ಎಂದು ಕೇಳುತ್ತಾ ಕೂರುವುದು ಬೇಡ. ಅಮೂಲ್ಯ ನಿಮಿಷಗಳು ಕಳೆಯುವುದೇ ಅದರಲ್ಲಿ.

ಭೂಕಂಪ: ಕೂಡಲೇ ಕೆಳಗೆ ಬಗ್ಗಿ, ಗಟ್ಟಿ ಮೇಜಿನ ಕೆಳಗೆ ಸೇರಿ, ಅದರ ಕಾಲು ಹಿಡಿದುಕೊಳ್ಳಿ. ಮೆಟ್ಟಿಲ ಕಡೆ ಓಡಬೇಡಿ, ಲಿಫ್ಟ್ ಹತ್ತಬೇಡಿ. ಹೊರಗಿದ್ದರೆ ಗೋಡೆ, ಕಂಬ, ತಂತಿಗಳಿಂದ ದೂರ ಸರಿಯಿರಿ.

ಪ್ರವಾಹ: ಗಾಡಿಯಲ್ಲಿ ನೀರು ದಾಟುವ ಯೋಚನೆ ಬಿಡಿ. ರಭಸವಾಗಿ ಹರಿಯುವ ನೀರು 15 ಸೆಂಟಿಮೀಟರ್ ಇದ್ದರೂ ದೊಡ್ಡವರನ್ನು ಬೀಳಿಸಬಲ್ಲದು. 30 ಸೆಂಟಿಮೀಟರ್ ನೀರು ಚಿಕ್ಕ ಕಾರನ್ನು ತೇಲಿಸಬಲ್ಲದು. 60 ಸೆಂಟಿಮೀಟರ್ ಇದ್ದರೆ ಹೆಚ್ಚಿನ ಗಾಡಿಗಳು ಕೊಚ್ಚಿಹೋಗುತ್ತವೆ. ನೆಲಮಾಳಿಗೆಯಲ್ಲಿ ನಿಲ್ಲಿಸಿದ ಗಾಡಿ ತರಲು ಇಳಿಯಬೇಡಿ, ಅಲ್ಲಿ ಸಿಕ್ಕಿಕೊಂಡರೆ ಹೊರಬರುವುದು ಬಹಳ ಕಷ್ಟ.

ಸುನಾಮಿ: ಎತ್ತರಕ್ಕೆ ಹೋಗಿ. ಗೊತ್ತು ಮಾಡಿದ ದಾರಿ ಇಲ್ಲದಿದ್ದರೆ ಸಮುದ್ರ ಮಟ್ಟದಿಂದ 30 ಮೀಟರ್ ಎತ್ತರದ ಗುರಿ ಇಟ್ಟುಕೊಳ್ಳಿ. ಮೊದಲ ಅಲೆಯೇ ದೊಡ್ಡದಾಗಿರಬೇಕೆಂದಿಲ್ಲ. ಅಲೆಗಳು ಗಂಟೆಗಟ್ಟಲೆ ಬರುತ್ತಿರುತ್ತವೆ. ಅಪಾಯ ಮುಗಿದಿದೆ ಎಂದು ಅಧಿಕೃತವಾಗಿ ಹೇಳುವವರೆಗೂ ಇಳಿಯಬೇಡಿ.

ಚಂಡಮಾರುತ: ಇದರಲ್ಲಿ ಸಮಯ ಸಿಗುತ್ತದೆ, ಹಾಗಾಗಿ ಖಾಲಿ ಮಾಡಿ ಎಂದ ಕೂಡಲೇ ಹೊರಡಿ. ಗಾಳಿ ಇದ್ದಕ್ಕಿದ್ದಂತೆ ನಿಂತು ಆಕಾಶ ತಿಳಿಯಾದರೆ ಮುಗಿಯಿತು ಎಂದುಕೊಳ್ಳಬೇಡಿ. ಅದು ಚಂಡಮಾರುತದ ಕಣ್ಣು, ಅಂದರೆ ಅದರ ನಡುವಿನ ಶಾಂತ ಭಾಗ ಇರಬಹುದು. ಸ್ವಲ್ಪ ಹೊತ್ತಿಗೆ ಎದುರು ದಿಕ್ಕಿನಿಂದ ಗಾಳಿ ಮತ್ತೆ ಬೀಸುತ್ತದೆ.

ಸಿಡಿಲು: ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿಲೋಮೀಟರ್ ಒಳಗಿದೆ. ಗಟ್ಟಿ ಕಟ್ಟಡ ಅಥವಾ ಮುಚ್ಚಿದ ಕಾರಿನೊಳಗೆ ಹೋಗಿ, ಕೊನೆಯ ಗುಡುಗಿನ ನಂತರ 30 ನಿಮಿಷ ಅಲ್ಲೇ ಇರಿ. ಮೊಬೈಲ್ ಸಿಡಿಲನ್ನು ಎಳೆಯುವುದಿಲ್ಲ. ಆದರೆ ಚಾರ್ಜರ್‌ಗೆ ಸಿಕ್ಕಿಸಿದ ಫೋನ್ ಹಿಡಿದು ಮಾತಾಡಬೇಡಿ, ತಂತಿಯ ಮೂಲಕ ಅಪಾಯ ಬರಬಹುದು.

## ಹಂತ 9: ಫೋನ್ ಸುಮ್ಮನಿದ್ದರೂ ಹೊರಡಬೇಕಾದ ಹೊತ್ತು

2024ರ ಅಕ್ಟೋಬರ್ 29ರಂದು ಸ್ಪೇನ್‌ನ ವಲೆನ್ಸಿಯಾ ಪ್ರಾಂತ್ಯದಲ್ಲಿ ಭೀಕರ ಪ್ರವಾಹ ಬಂತು. ಜನರ ಫೋನ್‌ಗಳಿಗೆ ಎಚ್ಚರಿಕೆ ಹೋದದ್ದು ರಾತ್ರಿ 8 ಗಂಟೆ ದಾಟಿದ ಮೇಲೆ. ಅಷ್ಟರಲ್ಲಿ ಎಷ್ಟೋ ಬೀದಿಗಳಲ್ಲಿ ನೀರು ನುಗ್ಗಿಯಾಗಿತ್ತು. ತಂತ್ರಜ್ಞಾನ ಚೆನ್ನಾಗಿಯೇ ಇತ್ತು, ಸಂದೇಶ ತಡವಾಯಿತು. ಗುಂಡಿ ಒತ್ತಲು ಇನ್ನೊಬ್ಬರು ತೀರ್ಮಾನ ಮಾಡಬೇಕು, ಅವರು ತಡ ಮಾಡಬಹುದು ಎಂಬುದನ್ನು ಮರೆಯಬೇಡಿ.

ಇವುಗಳಲ್ಲಿ ಒಂದು ಕಂಡರೂ ಫೋನ್‌ಗಾಗಿ ಕಾಯಬೇಡಿ:

- ಕರಾವಳಿಯಲ್ಲಿದ್ದಾಗ ಜೋರಾದ ಅಥವಾ 20 ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಲ್ಲದ ಕಂಪನ. ಸಮುದ್ರ ಇದ್ದಕ್ಕಿದ್ದಂತೆ ಹಿಂದೆ ಸರಿಯುವುದು. ಕಡಲ ಕಡೆಯಿಂದ ವಿಚಿತ್ರ ಮೊರೆತ.
- ಹೊಳೆಯ ನೀರು ಒಮ್ಮೆಲೇ ಕೆಸರಾಗುವುದು, ಕಡ್ಡಿ ಕೊಂಬೆಗಳು ತೇಲಿ ಬರುವುದು, ಮಳೆ ಸುರಿಯುತ್ತಿದ್ದರೂ ಹಳ್ಳದ ನೀರು ದಿಢೀರ್ ಇಳಿಯುವುದು. ಮೇಲೆಲ್ಲೋ ಮಣ್ಣು ಕುಸಿದು ನೀರಿಗೆ ಅಡ್ಡ ಬಿದ್ದಿರಬಹುದು.
- ಗುಡ್ಡದ ಮೇಲೆ ಹೊಸ ಬಿರುಕು, ವಾಲುತ್ತಿರುವ ಮರ ಅಥವಾ ಕಂಬ, ಸಲೀಸಾಗಿದ್ದ ಬಾಗಿಲು ಕಿಟಕಿ ಏಕಾಏಕಿ ಬಿಗಿಯಾಗುವುದು, ನೆಲದೊಳಗಿನ ಗುಡುಗುಡು ಸದ್ದು.

## ಹಂತ 10: ಸುಳ್ಳು ಸಂದೇಶವನ್ನು ಬೇರ್ಪಡಿಸಿ

ನಿಜವಾದ ಎಚ್ಚರಿಕೆಯಲ್ಲಿ ಕಳಿಸಿದ ಸಂಸ್ಥೆ, ಜಾಗ, ಅವಧಿ, ಮಾಡಬೇಕಾದ ಕೆಲಸ ಇರುತ್ತದೆ. ಸುಳ್ಳು ಸಂದೇಶದಲ್ಲಿ “ಎಲ್ಲರಿಗೂ ಕಳಿಸಿ” ಎಂಬುದು ದೊಡ್ಡದಾಗಿರುತ್ತದೆ, ದಿನಾಂಕ ಇರುವುದಿಲ್ಲ. “ಇಂದು ರಾತ್ರಿ” ಎಂದಿದ್ದರೆ ಯಾವ ವರ್ಷದ ರಾತ್ರಿಯೋ ಗೊತ್ತಿಲ್ಲ.

ದಿನ, ಗಂಟೆ ಹೇಳಿ ಭೂಕಂಪ ಆಗುತ್ತದೆ ಎನ್ನುವ ಸಂದೇಶ ಬಂದರೆ ಅದು ಸುಳ್ಳು. ಹಾಗೆ ಮುಂಚಿತವಾಗಿ ಹೇಳುವ ವಿದ್ಯೆ ಯಾರ ಹತ್ತಿರವೂ ಇಲ್ಲ. ಮೂರನೇ ಹಂತದ ಎಚ್ಚರಿಕೆ ಕೂಡ ಭೂಕಂಪ ಶುರುವಾದ ಮೇಲೆ ಬರುವುದೇ ಹೊರತು ಮೊದಲಲ್ಲ. ಎಚ್ಚರಿಕೆಯ ಹೆಸರಲ್ಲಿ ಲಿಂಕ್ ಒತ್ತಿ, ಒಟಿಪಿ ಕೊಡಿ, ಆ್ಯಪ್ ಫೈಲ್ ಇಳಿಸಿಕೊಳ್ಳಿ ಎಂದರೆ ಅದು ಮೋಸ. ಅನುಮಾನ ಬಂದರೆ ಅಧಿಕೃತ ಆ್ಯಪ್ ಅಥವಾ ರೇಡಿಯೊ ನೋಡಿ. ಆದರೆ ಕಣ್ಣೆದುರೇ ನೀರು ಏರುತ್ತಿದ್ದರೆ, ಮೊದಲು ಮೇಲೆ ಹೋಗಿ ಆಮೇಲೆ ಪರಿಶೀಲಿಸಿ.

## ಹಂತ 11: ಪರೀಕ್ಷೆ ಮಾಡಿ

ನೀವಿರುವಲ್ಲಿ ಪರೀಕ್ಷಾ ಸಂದೇಶ ಕಳಿಸುವ ದಿನ ಬಂದರೆ, ಮನೆಯ ಎಲ್ಲ ಫೋನ್‌ಗಳನ್ನೂ ಒಟ್ಟಿಗಿಟ್ಟು ನೋಡಿ. ಕೂಗದ ಫೋನನ್ನು ಹಂತ 2ಕ್ಕೆ ವಾಪಸ್ ತೆಗೆದುಕೊಂಡು ಹೋಗಿ. ಸ್ವಿಚ್ ಎಲ್ಲ ಸರಿ ಇದ್ದೂ ಬರದಿದ್ದರೆ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ. ಆಗಲೂ ಬರದಿದ್ದರೆ ಆ ಫೋನ್‌ಗೆ ಈ ಸೌಲಭ್ಯವೇ ಇಲ್ಲದಿರಬಹುದು. ಅದನ್ನು ಬಳಸುವವರಿಗೆ ಕೂಗಿ ಹೇಳುವ ಹೊಣೆ ಯಾರದು ಎಂದು ಆಗಲೇ ನಿರ್ಧರಿಸಿ.

ಪ್ರತಿ ಮಳೆಗಾಲಕ್ಕೆ ಅಥವಾ ಬಿರುಗಾಳಿಯ ಕಾಲಕ್ಕೆ ಮುನ್ನ ಹಂತ 2ರಿಂದ 5ರವರೆಗೆ ಮತ್ತೆ ನೋಡಿ. ಹೊಸ ಫೋನ್ ಕೊಂಡಾಗ, ಸಿಮ್ ಬದಲಿಸಿದಾಗ, ದೊಡ್ಡ ಅಪ್‌ಡೇಟ್ ಆದಾಗಲೂ ನೋಡಬೇಕು, ಏಕೆಂದರೆ ಸ್ವಿಚ್‌ಗಳು ಮೊದಲಿನಂತೆ ಉಳಿಯದೇ ಇರಬಹುದು. ಫೋನೇ ಇಲ್ಲದ ಅಕ್ಕಪಕ್ಕದವರ ಹೆಸರನ್ನು ಬಾಗಿಲ ಹಿಂದಿನ ಕಾಗದಕ್ಕೆ ಸೇರಿಸಿ, ಯಾರು ಯಾರ ಬಾಗಿಲು ತಟ್ಟಬೇಕು ಎಂದು ಎದುರಿಗೇ ಬರೆಯಿರಿ.